ಮಾಲಿಂಗನ ಕೋಟೆ

ಮಲಪ್ರಭೆಯ ದಂಡೆಯ ಮೇಲೆ ಕಾಡಯ್ಯ ಎಂಬ ಗುರುಗಳ ಆಶ್ರಮವಿತ್ತು. ಸುತ್ತಲಿನ ಹಳ್ಳಿಯವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯ ಭದ್ರೇಶ. ಆಶ್ರಮಕ್ಕೆ ಬರುವ ಮೊದಲು ಹೊಲಗಳ ಸರ್ವೆ ಮಾಡುವ ಕೆಲಸದಲ್ಲಿದ್ದವನು. ಅಳತೆಯ ಸರಪಳಿ ಕೆಳಗಿಟ್ಟು ಆರು ವರ್ಷವಾಗಿದ್ದರೂ ಅಳೆಯುವ ಚಟ ಹೋಗಿರಲಿಲ್ಲ. ಯಾರಾದರೂ ಇಲ್ಲೇ ಹತ್ತಿರ ಎಂದರೆ ಎಷ್ಟು ಮಾರು ಎಂದು ಕೇಳುತ್ತಿದ್ದ. ಪ್ರವಚನದ ನಡುವೆ ಗುರುಗಳು ಊರಿನ ಹೆಸರು ತಪ್ಪಿ ಹೇಳಿದರೆ ಹಿಂದಿನ ಸಾಲಿನಿಂದ ತಿದ್ದುತ್ತಿದ್ದ.

ಒಂದು ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

"ಮರಳುಗಾಡಿನಾಗ ಒಂದು ಊರು ಐತಿ, ಕೋಟಿ, ಅರಮನಿ ಅಂತ ನೀ ಹೇಳತಿದ್ದೆಲ್ಲ. ಅಲ್ಲಿಗೆ ಹೋಗೂಣು."

ಭದ್ರೇಶನಿಗೆ ನಂಬಿಕೆ ಬರಲಿಲ್ಲ. ಆ ಊರಿನ ಚಿತ್ರವನ್ನು ಅವನು ಶಾಲೆಯಲ್ಲಿದ್ದಾಗಲೇ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದ. ಎರಡೇ ದಿನದಲ್ಲಿ ಒಂದು ನೋಟುಬುಕ್ಕು ಸಿದ್ಧವಾಯಿತು. ಯಾವ ದೊರೆ ಯಾವ ಬಾಗಿಲು ಕಟ್ಟಿಸಿದ, ಯಾವ ಅರಮನೆ ಮೊದಲು ನೋಡಬೇಕು, ಯಾವುದು ಆಮೇಲೆ, ಎಲ್ಲವೂ ಅದರಲ್ಲಿತ್ತು. ಈ ಪ್ರಯಾಣ ತನಗಾಗಿಯೇ ಎಂದು ಅವನು ತಿಳಿದುಕೊಂಡ.

ಎರಡು ದಿನದ ರೈಲು. ಕೊನೆಯ ದಿನ ಕಿಟಕಿಯಿಂದ ಬಂದ ಮರಳು ಹಲ್ಲಿನ ಸಂದಿಗೂ ಸೇರಿತು.

ಊರು ಕಂಡಾಗ ಭದ್ರೇಶ ಸೀಟಿನಿಂದ ಎದ್ದು ನಿಂತ. ಗುಡ್ಡದ ಮೇಲೆ ಕೋಟೆ, ಕೋಟೆಯ ಒಳಗಿನಿಂದ ತಲೆ ಎತ್ತಿದ ಅರಮನೆಗಳು, ಕೆಳಗೆ ಮರಳಿನ ಬಣ್ಣದ ಮನೆಗಳು. ಚಿತ್ರದಲ್ಲಿ ಇದ್ದ ಹಾಗೆಯೇ ಇತ್ತು.

ಮರುದಿನ ಬೆಳಕು ಹರಿಯುತ್ತಲೇ ಅವನು ಹೊರಟು ನಿಂತ. ಗುರುಗಳು ಹೊರಡುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅರ್ಧ ದಾರಿಯಲ್ಲಿ ಒಂದು ಒಂಟೆ ಮೆಲುಕು ಹಾಕುತ್ತ ಮಲಗಿತ್ತು. ಗುರುಗಳು ಅದರ ಮುಂದೆ ನಿಂತರು. ನಿಂತೇ ಇದ್ದರು.

"ಅಜ್ಜಾರ, ಒಂಟಿ ನಮ್ಮ ಕಡೀನೂ ಬರತಾವು."

"ಬರತಾವು. ಇದು ಬಂದಿದ್ದಿಲ್ಲ."

ಕೋಟೆಯ ಬಾಗಿಲಲ್ಲಿ ಏಳೆಂಟು ಗೈಡುಗಳು ಮುತ್ತಿಕೊಂಡರು. ಗುರುಗಳು ಎಲ್ಲರಿಗೂ ಕೈಮುಗಿದು ಬೇಡ ಎಂದರು. ಆಮೇಲೆ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಒಳಗ ಹೋಗೂಣೇನ್ರಿ?" ಎಂದ ಭದ್ರೇಶ.

"ತಡಿ."

ಒಂದು ತಾಸು ಕಳೆಯಿತು. ಭದ್ರೇಶನ ನೋಟುಬುಕ್ಕಿನ ಪ್ರಕಾರ ಅಷ್ಟರಲ್ಲಿ ಮೂರು ಬಾಗಿಲು ಮತ್ತು ಒಂದು ಅರಮನೆ ಮುಗಿಯಬೇಕಿತ್ತು.

ಕೊನೆಗೆ ಒಂದು ಬಸ್ಸಿನಿಂದ ನಮ್ಮ ಕಡೆಯ ಜನ ಇಳಿದರು. ಅವರನ್ನು ಕರೆದುಕೊಳ್ಳಲು ಕೆಂಪು ಪೇಟದ ಒಬ್ಬ ಸಣಕಲ ಗೈಡು ಬಂದ. ವಯಸ್ಸು ನಲವತ್ತರ ಮೇಲೆ. ಬನ್ನಿ ತಾಯಿ, ಬನ್ನಿ ಅಣ್ಣ, ನೆರಳಿಗೆ ಬನ್ನಿ ಎಂದು ಅಚ್ಚ ಕನ್ನಡದಲ್ಲಿ ಕರೆಯುತ್ತಿದ್ದ.

ಗುರುಗಳು ಎದ್ದರು. "ಇವನ ಹಿಂದ ಹೋಗೂಣು."

ಗೈಡು ಅವರನ್ನು ನೋಡಿದ. ಮೇಲೆತ್ತಿದ ಅವನ ಕೈ ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಕೆಳಗಿಳಿಯಿತು. ಅವನು ತನ್ನ ಮಾತು ಮುಂದುವರಿಸಿದ.

ಮೂರನೆಯ ಬಾಗಿಲು ದಾಟಿದ ಮೇಲೆ ಒಂದು ಕಿರಿದಾದ ಕಿಟಕಿ. ಅದರ ಅಡಿಯ ಕಲ್ಲಿನಲ್ಲಿ ನುಣುಪಾದ ಒಂದು ಕುಳಿ.

"ಇಲ್ಲಿ ಒಬ್ಬ ರಾಣಿ ಹನ್ನೆರಡು ವರ್ಷ ಕೂತಿದ್ದಳು," ಎಂದ ಗೈಡು. "ಯುದ್ಧಕ್ಕೆ ಹೋದ ಗಂಡ ಈ ದಾರಿಯಲ್ಲೇ ಬರಬೇಕು. ದಿನವೂ ಮೊಣಕೈ ಊರಿ ನೋಡುವಳು. ಕಲ್ಲು ಸವೆಯಿತು, ಅವಳ ಕಣ್ಣು ಸವೆಯಲಿಲ್ಲ."

ಗುಂಪಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಮುಂದೆ ಬಂದು ತನ್ನ ಮೊಣಕೈಯನ್ನು ಆ ಕುಳಿಯಲ್ಲಿ ಇಟ್ಟು ಹೊರಗೆ ನೋಡಿದಳು.

ಭದ್ರೇಶ ಬಗ್ಗಿ ಗೇಣು ಹಾಕಿದ.

"ಇದು ಮೊಣಕೈ ಗುರುತಲ್ಲ," ಎಂದ. "ಹಗ್ಗದ ಗುರುತು. ಕೆಳಗೆ ಬಾವಿ ಇದೆ, ನೋಡಿ. ನೀರು ಸೇದಿ ಸೇದಿ ಕಲ್ಲು ಸವೆದಿದೆ."

ಹೆಂಗಸು ಬಿಸಿ ತಾಗಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇರಬಹುದು ಸ್ವಾಮಿ," ಎಂದ ಗೈಡು. ಅವನು ಭದ್ರೇಶನನ್ನು ನೋಡಲಿಲ್ಲ, ಗುರುಗಳನ್ನು ನೋಡಿದ.

ಗುಂಪು ಅರಮನೆಯ ಕಡೆ ಹೋಯಿತು. ಗುರುಗಳು ಮೊಣಕಾಲು ಹಿಡಿದುಕೊಂಡು ಕುಳಿತರು. "ಇವತ್ತಿಗೆ ಸಾಕು," ಎಂದರು.

ಭದ್ರೇಶ ಅರಮನೆಯ ಗೋಡೆಯನ್ನು ಹೊರಗಿನಿಂದ ನೋಡಿ, ಗುರುಗಳ ತೋಳು ಹಿಡಿದು ಕೆಳಗಿಳಿಸಿದ. ಧರ್ಮಶಾಲೆ ಸೇರುವವರೆಗೆ ಗುರುಗಳು ಅರಮನೆಯ ಮಾತೆತ್ತಲಿಲ್ಲ. ಎತ್ತಿದ್ದರೆ ಭದ್ರೇಶನಿಗೆ ಅಷ್ಟೊಂದು ಸಿಟ್ಟು ಬರುತ್ತಿರಲಿಲ್ಲ.

ಎರಡನೆಯ ದಿನವೂ ಅದೇ ಕಲ್ಲು, ಅದೇ ಕಾಯುವಿಕೆ, ಅದೇ ಕೆಂಪು ಪೇಟ.

"ಅಜ್ಜಾರ, ಬ್ಯಾರೆ ಗೈಡ್ ಅದಾರ. ಇವ ಹೇಳೂದೆಲ್ಲ ಕಟ್ಟುಕತಿ."

"ನಿನ್ನೆ ಪೂರ್ತಿ ಕೇಳಾಕ ಆಗಲಿಲ್ಲ."

"ಅರಮನಿ ನೋಡಾಕ ಬಂದೀವೋ, ಇವನ್ನ ನೋಡಾಕೋ?"

ಗುರುಗಳು ಆಗಲೇ ಆ ದಿನದ ಹೊಸ ಗುಂಪಿನ ಹಿಂದೆ ನಡೆಯತೊಡಗಿದ್ದರು.

ಅದೇ ಕಿಟಕಿ ಬಂತು. ಇವತ್ತು ಅಲ್ಲಿ ರಾಣಿ ಇರಲಿಲ್ಲ. ರಾಣಿಯ ದಾಸಿ ಇದ್ದಳು. ರಾಣಿಗೆ ಕಣ್ಣು ಕಾಣದಾಗಿತ್ತಂತೆ. ದಾಸಿ ಇಲ್ಲಿ ಕುಳಿತು ದಾರಿಯಲ್ಲಿ ಬರುವವರನ್ನೆಲ್ಲ ಅವಳಿಗೆ ವರ್ಣಿಸುತ್ತಿದ್ದಳಂತೆ. ಯಾರೂ ಬರದ ದಿನ ತಾನೇ ಯಾರನ್ನಾದರೂ ಬರಿಸುತ್ತಿದ್ದಳಂತೆ.

ಭದ್ರೇಶನಿಗೆ ತಡೆಯಲಾಗಲಿಲ್ಲ.

"ನಿನ್ನೆ ಇದೇ ಕುಳಿ ರಾಣಿಯದು ಅಂದಿರಿ. ಇವತ್ತು ದಾಸಿಯದು. ನಾಳೆ ಯಾರದು?"

ಗುಂಪು ನಕ್ಕಿತು. ಅವರ ಮುಂದಾಳು ನಗಲಿಲ್ಲ. ದುಡಿದು ಉಳಿಸಿ ಇಷ್ಟು ದೂರ ಬಂದಿದ್ದೇವೆ, ನಮ್ಮನ್ನು ಏನೆಂದುಕೊಂಡಿದ್ದೀಯ ಎಂದು ಗೈಡಿನ ಮೇಲೆ ಏರಿಹೋದ. ಬಾಗಿಲಿನ ಕಚೇರಿಗೆ ದೂರು ಹೋಯಿತು. ಅಲ್ಲಿದ್ದ ಅಧಿಕಾರಿ ಗೈಡಿನ ಎದೆಯ ಮೇಲಿನ ಬಿಲ್ಲೆ ತೆಗೆಸಿದ. ಒಂದು ವಾರ ಈ ಕಡೆ ಬರಬೇಡ ಎಂದ.

ಗೈಡು ವಾದಿಸಲಿಲ್ಲ. ಪೇಟ ಬಿಚ್ಚಿ ತೋಳಿಗೆ ಸುತ್ತಿಕೊಂಡು ಹೊರಗೆ ಬಂದ. ಗುರುಗಳ ಮುಂದೆ ನಿಂತ.

"ಹನ್ನೊಂದು ವರ್ಷದಾಗ ನೀವು ಏನೂ ಬದಲಾಗಿಲ್ಲ, ಅಜ್ಜಾರ. ಆಗ ನನ್ನ ಮಾತು ಸುಳ್ಳು ಅಂತ ನೀವ ಹೇಳಿದ್ರಿ. ಈಗ ಬ್ಯಾರೆಯವರ ಬಾಯಿಲೆ ಹೇಳಸತೀರಿ, ಅಷ್ಟ."

ಅವನು ಇಳಿಜಾರಿನಲ್ಲಿ ನಡೆದು ಹೋದ. ಭದ್ರೇಶ ನೋಟುಬುಕ್ಕು ಹಿಡಿದುಕೊಂಡು ನಿಂತೇ ಇದ್ದ.

"ಅಂವ ನಿಮಗ ಗೊತ್ತೇನ್ರಿ?"

"ಮಾಲಿಂಗ. ನನ್ನ ಶಿಷ್ಯ. ಎಂಟು ವರ್ಷ ನಮ್ಮ ದಂಡಿ ಮ್ಯಾಲ ಇದ್ದ."

ಆ ಸಂಜೆ ಧರ್ಮಶಾಲೆಯ ಜಗಲಿಯ ಮೇಲೆ ಗುರುಗಳು ಉಳಿದದ್ದನ್ನು ಹೇಳಿದರು.

ಹನ್ನೊಂದು ವರ್ಷದ ಹಿಂದೆ ಆಶ್ರಮದಲ್ಲಿ ಫಕೀರಪ್ಪ ಎಂಬ ಇನ್ನೊಬ್ಬ ಶಿಷ್ಯನಿದ್ದ. ತುಂಬು ಹೊಳೆಯಲ್ಲಿ ಈಜಲು ಹೋದವನು ತಿರುಗಿ ಬರಲಿಲ್ಲ. ಅವನ ತಾಯಿ ಸಾತವ್ವ ಬಂದು ಅಂಗಳದಲ್ಲಿ ಕುಳಿತಳು. ಅಳಲೂ ಇಲ್ಲ, ನೀರೂ ಮುಟ್ಟಲಿಲ್ಲ. ಮಾಲಿಂಗ ಅವಳ ಎದುರಿಗೆ ಕುಳಿತ. ಮುಳುಗುವಾಗ ನಿನ್ನ ಮಗ ಅವ್ವಾ ಅಂತ ನಿನ್ನ ಕೂಗಿದ, ಆಮೇಲೆ ಹೇಳಿದ ಎಂದು ಶುರು ಮಾಡಿದ.

"ಏನ ಹೇಳಿದ ಅಂದ?" ಎಂದು ಕೇಳಿದ ಭದ್ರೇಶ.

"ಅಷ್ಟರಾಗ ನಾ ತಡದೆ. ಸುಳ್ಳು, ಹೊಳಿ ಹತ್ತರ ಯಾರೂ ಇರಲಿಲ್ಲ ಅಂದೆ. ಊರ ಮಂದಿಯೆಲ್ಲಾ ಇದ್ರು. ಸಾವಿನ ಮುಂದ ಕತಿ ಕಟ್ಟಾಂವಗ ಇಲ್ಲಿ ಜಾಗಾ ಇಲ್ಲ ಅಂತ ಅವತ್ತ ಹೊರಗ ಹಾಕಿದೆ."

"ಖರೇನ ಯಾರೂ ಇರಲಿಲ್ಲೇನ್ರಿ?"

"ನಾ ಕೇಳಲಿಲ್ಲ. ಮಾಲಿಂಗ ಮಾತಿಗೆ ಬಣ್ಣಾ ಹಚ್ಚಾಂವ ಅಂತ ಎಲ್ಲಾರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಹಂಗಾಗಿ ಕೇಳಲಿಲ್ಲ."

ಗುರುಗಳು ಮೊಣಕಾಲು ನೀವಿಕೊಂಡರು.

"ಸಾತವ್ವ ಈಗ ಹಾಸಿಗಿ ಹಿಡದಾಳ. ಹೋದ ತಿಂಗಳ ಹೇಳಿ ಕಳಿಸಿದ್ಲು, ಹೋಗಿದ್ದೆ. ನನಗ ಬೈಲಿಲ್ಲ. 'ಆ ಹುಡುಗ ಇನ್ನೂ ಏನೋ ಹೇಳಾಂವ ಇದ್ದ, ನೀವು ಹೇಳಗೊಡಲಿಲ್ಲ' ಅಂದ್ಲು. ಹನ್ನೊಂದು ವರ್ಷ ಆಕಿ ಆ ಉಳಿದ ಮಾತಿಗೆ ಕಾದಾಳ."

ಯಾತ್ರೆಗೆ ಬಂದ ಪಕ್ಕದ ಹಳ್ಳಿಯವರೊಬ್ಬರು ಮಾಲಿಂಗನನ್ನು ಈ ಕೋಟೆಯಲ್ಲಿ ಕಂಡಿದ್ದರಂತೆ. ಹೀಗಾಗಿ ಈ ಪ್ರಯಾಣ.

ಭದ್ರೇಶನ ಮುಖ ಬಿಸಿಯಾಯಿತು. ನಾಚಿಕೆಯೂ ಇತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟಿತ್ತು.

"ಆ ತಾಯಿ ಅಲ್ಲಿ ಹಾಸಿಗಿ ಮ್ಯಾಲ ಅದಾಳ. ನೀವು ಇಲ್ಲಿ ಎರಡು ದಿನ ಗುಂಪಿನ ಹಿಂದ ತಿರುಗಿದ್ರಿ. ಮೊದಲ ದಿನಾನ ಹೋಗಿ ಕರೀಬೇಕಾಗಿತ್ತು."

"ಅವನ ಮಾತು ಒಮ್ಮೆ ಅರ್ಧಕ್ಕ ನಿಲ್ಲಿಸೀನಿ. ಮತ್ತ ನಡುವ ಬಾಯಿ ಹಾಕೂದು ಹೆಂಗ? ಒಂದ ಸಲ ಪೂರ್ತಿ ಕೇಳಿ ಆಮ್ಯಾಲ ಮಾತಾಡೂಣು ಅಂತಿದ್ದೆ. ನಿನ್ನೆ ನನ್ನ ಮೊಣಕಾಲು ಕೇಳಲಿಲ್ಲ. ಇವತ್ತ ನೀ ಕೇಳಲಿಲ್ಲ."

"ನನಗ ಮೊದಲ ಹೇಳಿದ್ರ ಬಾಯಿ ಮುಚ್ಚಿಕೊಂಡ ಇರತಿದ್ದೆ."

"ಹೇಳಿದ ಮ್ಯಾಲ ಯಾರರೆ ಮುಚ್ಚತಾರ," ಎಂದರು ಗುರುಗಳು, ಮಗ್ಗುಲಾದರು.

ಮೂರನೆಯ ದಿನ ಅವರು ಕೋಟೆಗೆ ಹೋಗಲಿಲ್ಲ. ಮಾಲಿಂಗನ ಮನೆ ಹುಡುಕಿಕೊಂಡು ಹೋದರು. ಇಕ್ಕಟ್ಟಾದ ಓಣಿ. ಭದ್ರೇಶ ಆರು ಕಡೆ ದಾರಿ ಕೇಳಿದ, ಆರು ಜನ ಆರು ದಿಕ್ಕು ತೋರಿಸಿದರು. ಕೊನೆಗೆ ಮನೆ ಸಿಕ್ಕಿತು. ಆ ಊರಿನವಳೇ ಆದ ಮಾಲಿಂಗನ ಹೆಂಡತಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಮಾಲಿಂಗ ಹೊಸ್ತಿಲ ಮೇಲೆ ಕುಳಿತಿದ್ದ.

"ಯಾಕ ಬಂದ್ರಿ?" ಎಂದ.

"ಕೋಟಿ ತೋರಸು," ಎಂದರು ಗುರುಗಳು.

"ಬಿಲ್ಲೆ ಹೋಗೇತಿ."

"ಬಿಲ್ಲೆ ಇಲ್ಲದ ತೋರಸು. ನಾವು ಮನಿಯವರು."

ಮಾಲಿಂಗ ಭದ್ರೇಶನ ಕಂಕುಳಲ್ಲಿದ್ದ ನೋಟುಬುಕ್ಕನ್ನು ನೋಡಿದ. "ಯಾವ ಕೋಟಿ ಬೇಕು? ಇವರ ಪುಸ್ತಕದಾಗಿನದೇನು?"

"ನಿಂದು."

ಮಾಲಿಂಗ ಹೊಸ್ತಿಲಿನಿಂದ ಎದ್ದ. ಆಮೇಲೆ ಒಳಗೆ ಹೋಗಿ ಪೇಟ ಸುತ್ತಿಕೊಂಡು ಬಂದ. ಬಾಗಿಲಲ್ಲಿ ಕಾವಲುಗಾರ ತಡೆದಾಗ, ಇವತ್ತು ನಾನು ಗೈಡಲ್ಲ, ಊರಿಂದ ಹಿರಿಯರು ಬಂದಿದ್ದಾರೆ ಎಂದು ಅವರ ಭಾಷೆಯಲ್ಲಿ ಹೇಳಿದ. ಕಾವಲುಗಾರ ಗುರುಗಳ ಬಿಳಿ ಗಡ್ಡ ನೋಡಿ ದಾರಿ ಬಿಟ್ಟ.

ಮೊದಲೆರಡು ಬಾಗಿಲುಗಳಲ್ಲಿ ಮಾಲಿಂಗ ಶಾಲೆಯ ಪಾಠ ಒಪ್ಪಿಸಿದ. ಇಸವಿ, ದೊರೆಯ ಹೆಸರು, ಗೋಡೆಯ ಎತ್ತರ. ಬೇಕೆಂದೇ ಒಣಗಿಸಿ ಹೇಳಿದ. ಗುರುಗಳು ಭದ್ರೇಶನ ಭುಜದ ಮೇಲೆ ಕೈಯಿಟ್ಟು ಪ್ರತಿ ಮೆಟ್ಟಿಲಿಗೂ ನಿಂತು ಏರಿದರು. ಒಂದೊಂದು ಮಾತಿಗೂ ತಲೆಯಾಡಿಸಿದರು.

ಮೂರನೆಯ ಬಾಗಿಲಲ್ಲಿ ಅವನ ದನಿ ಬದಲಾಯಿತು. ಬಾಗಿಲು ಕೂಡಿಸಿದ ಬಡಿಗನ ಕಥೆ ಬಂತು. ಅರಮನೆಯಲ್ಲಿ ಗೋಡೆಯ ಚಿತ್ರ ಬರೆದವನ ಕಥೆ ಬಂತು. ಐದು ದೊರೆಗಳ ಮೀಸೆ ಬರೆದು ಬೇಸತ್ತ ಅವನು ಆರನೆಯ ದೊರೆಗೆ ತನ್ನ ಮೀಸೆಯನ್ನೇ ಬರೆದನಂತೆ. ಗುರುಗಳು ನಕ್ಕರು. ಮಾಲಿಂಗನೂ ನಕ್ಕ, ಆಮೇಲೆ ಜ್ಞಾಪಿಸಿಕೊಂಡು ಗಂಭೀರನಾದ.

ಭದ್ರೇಶ ತಾನು ಬಾಲ್ಯದಿಂದ ನೋಡಬೇಕೆಂದಿದ್ದ ಅರಮನೆಯ ನಡುವೆ ನಡೆಯುತ್ತಿದ್ದ. ಕನ್ನಡಿಯ ಗೋಡೆಗಳು, ಬಣ್ಣದ ಗಾಜು, ದಂತದ ಕೆತ್ತನೆ. ಯಾವುದೂ ಕಣ್ಣಿಗೆ ಹತ್ತಲಿಲ್ಲ. ಅವನ ಶಕ್ತಿಯೆಲ್ಲ ಬಾಯಿ ಮುಚ್ಚಿಕೊಳ್ಳುವುದಕ್ಕೇ ಖರ್ಚಾಗುತ್ತಿತ್ತು. ಐದು ಕಡೆ ಮಾಲಿಂಗ ತಪ್ಪಿದ. ಐದು ಕಡೆಯೂ ಭದ್ರೇಶ ಹಲ್ಲು ಕಚ್ಚಿಕೊಂಡ. ದವಡೆ ನೋಯತೊಡಗಿತು.

ಮೇಲಿನ ಬಿಸಿಲುಮಚ್ಚಿಗೆ ಹೋಗಲು ಸುತ್ತು ಮೆಟ್ಟಿಲು.

"ನೂರಾ ನಾಕು," ಎಂದ ಮಾಲಿಂಗ.

ನೋಟುಬುಕ್ಕಿನಲ್ಲಿ ತೊಂಬತ್ತಾರು ಎಂದಿತ್ತು. ಭದ್ರೇಶ ಮನಸ್ಸಿನಲ್ಲೇ ಎಣಿಸುತ್ತ ಏರಿದ. ನೂರಾ ನಾಲ್ಕಿದ್ದವು. ಅದೂ ಅವನಿಗೆ ಸಿಟ್ಟು ತರಿಸಿತು.

ಮೇಲಿನಿಂದ ಇಡೀ ಊರು ಕಾಣುತ್ತಿತ್ತು, ಅದರಾಚೆ ಮರಳು. ಮಾಲಿಂಗ ಕೊನೆಯ ಕಥೆಯನ್ನು ಅವಸರವಿಲ್ಲದೆ ಹೇಳಿ ಮುಗಿಸಿದ. ಪೇಟದ ಸೆರಗಿನಿಂದ ಮುಖ ಒರೆಸಿಕೊಂಡ.

"ಮುಗೀತು, ಅಜ್ಜಾರ. ಏನರೆ ತಪ್ಪಿದ್ರ ಹೇಳ್ರಿ."

ಗುರುಗಳು ಗೋಡೆ ಹಿಡಿದು, ಒಂದು ಕಾಲು ಮಡಿಸಿ, ಇನ್ನೊಂದು ಕಾಲು ಮಡಿಸಿ, ಕಷ್ಟಪಟ್ಟು ಅವನ ಎದುರಿಗೆ ನೆಲದ ಮೇಲೆ ಕುಳಿತರು. ಕೈಮುಗಿದರು.

ಮಾಲಿಂಗ ಎರಡು ಹೆಜ್ಜೆ ಹಿಂದೆ ಸರಿದ. "ಹಂಗ ಮಾಡಬ್ಯಾಡ್ರಿ."

"ಸಾತವ್ವ ನೀ ಹೇಳಬೇಕಾಗಿದ್ದ ಮಾತಿಗೆ ಕಾಯಾಕತ್ತಾಳ. ಬಾಳ ದಿನ ಕಾಯೂದು ಆಗಲಿಕ್ಕಿಲ್ಲ."

ಮಾಲಿಂಗ ಊರಿನ ಕಡೆ ತಿರುಗಿ ನಿಂತ. ಕೆಳಗೆ ಯಾರದೋ ಮದುವೆಯ ವಾದ್ಯ ಬಂದು ಹೋಯಿತು.

"ನೀವು ಅದು ಸುಳ್ಳು ಅಂದಿದ್ರಿ."

"ಅಂದಿದ್ದೆ. ಕೇಳದ ಅಂದಿದ್ದೆ."

"ಈಗ ಕೇಳತೀರೇನು?"

"ಇಲ್ಲ. ಆ ಮಾತು ಆಕೀದು. ನಂದಲ್ಲ."

ಮಾಲಿಂಗ ಭದ್ರೇಶನ ಕಡೆ ಬೆರಳು ತೋರಿಸಿದ. "ಇವರು?"

ಗುರುಗಳು ಭದ್ರೇಶನ ಮುಖ ನೋಡಿದರು. ಇದಕ್ಕೆ ಉತ್ತರ ತಾನೇ ಹೇಳಬೇಕು ಎಂದು ಅವನಿಗೆ ಗೊತ್ತಾಯಿತು.

"ನಾ ಹೊರಗ ಕೂಡತೀನ್ರಿ," ಎಂದ.

ಅದೇ ದಿನದ ರೈಲಿಗೆ ಹೊರಟರು. ಮಾಲಿಂಗನ ಹೆಂಡತಿ ನಿಲ್ದಾಣದವರೆಗೆ ಬಂದು, ತಿರುಗಿ ಬರುವುದು ಯಾವಾಗ ಎಂದು ಕೇಳಿದಳು. ಮಾಲಿಂಗ ಬೆರಳು ಮಡಿಸಿ ಲೆಕ್ಕ ಹಾಕಿ ಎಂಟು ದಿನ ಎಂದ. ದಾರಿಯುದ್ದಕ್ಕೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಇಷ್ಟು ಮಾತುಗಾರ ಎರಡು ದಿನದಲ್ಲಿ ಹತ್ತು ಮಾತೂ ಆಡಲಿಲ್ಲ. ಭದ್ರೇಶ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಗುರುಗಳು ಅವನ ಕಾಲು ತುಳಿದರು.

ಸಾತವ್ವನ ಮನೆ ಹೊಳೆಯಿಂದ ಎರಡು ಹರದಾರಿ. ಬೆಳಿಗ್ಗೆ ನಿಲ್ದಾಣದಿಂದ ನೇರವಾಗಿ ಅಲ್ಲಿಗೇ ಹೋದರು. ಅವಳ ತಮ್ಮನ ಮಗಳು ಬಾಗಿಲು ತೆಗೆದಳು. ಮಾಲಿಂಗ ಹೊಸ್ತಿಲಲ್ಲಿ ನಿಂತ. ಅವನ ಕಾಲು ಒಳಗೆ ಹೋಗಲಿಲ್ಲ.

"ಯಾರು?" ಒಳಗಿನಿಂದ ಸಣ್ಣ ದನಿ.

"ನಾನ್ರೀ ಅವ್ವಾ. ಮಾಲಿಂಗ."

ಒಳಗೆ ಮಂಚ ಕಿರುಗುಟ್ಟಿತು.

"ಇಷ್ಟ ತಡಾ ಮಾಡೂದೇನೋ," ಎಂದಳು ಸಾತವ್ವ. "ಬಾ, ಕೂಡು. ಹೇಳು."

ಮಾಲಿಂಗ ಒಳಗೆ ಹೋದ. ಸಾತವ್ವ ತಮ್ಮನ ಮಗಳನ್ನು ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿತು.

ಗುರುಗಳು ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತರು. ಭದ್ರೇಶ ಕೂಡಲಿಲ್ಲ. ಕಟ್ಟೆಯಿಂದ ಬೇಲಿಯವರೆಗೆ ಹೋದ, ಬೇಲಿಯಿಂದ ಕಟ್ಟೆಗೆ ಬಂದ. ಒಳಗಿನಿಂದ ಮೊದಲು ಮಾಲಿಂಗನ ದನಿ ಕೇಳಿಸಿತು, ಶಬ್ದ ತಿಳಿಯುವಂತಿರಲಿಲ್ಲ. ಬಹಳ ಹೊತ್ತು ಅವನೊಬ್ಬನದೇ ದನಿ. ಆಮೇಲೆ ಸಾತವ್ವ ಅತ್ತಳು. ಹನ್ನೊಂದು ವರ್ಷದ ಹಿಂದೆ ಅಂಗಳದಲ್ಲಿ ಬಾರದ ಅಳು ಈಗ ಬಂತು. ತಮ್ಮನ ಮಗಳು ಎದ್ದು ಒಳಗೆ ಹೋಗಹೊರಟಳು. ಗುರುಗಳು ಕೈಸನ್ನೆ ಮಾಡಿ ಕೂಡಿಸಿದರು.

ಅಳು ನಿಂತಿತು. ಮತ್ತೆ ಮಾತು. ಈ ಸಲ ಇಬ್ಬರದೂ. ಒಮ್ಮೆ ಸಾತವ್ವ ನಕ್ಕಂತೆಯೂ ಆಯಿತು.

ಬಿಸಿಲು ಇಳಿಯತೊಡಗಿದಾಗ ಮಾಲಿಂಗ ಬಾಗಿಲು ತೆಗೆದು ಹೊರಗೆ ಬಂದ. ಯಾರ ಕಡೆಯೂ ನೋಡದೆ ಬೇಲಿಯ ಹತ್ತಿರದ ಒರಳುಕಲ್ಲಿನ ಮೇಲೆ ಕುಳಿತ. ಎರಡೂ ಕೈ ಮೊಣಕಾಲಿನ ಮೇಲೆ ಬಿಟ್ಟುಕೊಂಡಿದ್ದ. ತಮ್ಮನ ಮಗಳು ಒಳಗೆ ಹೋಗಿ ನೋಡಿ ಬಂದಳು.

"ಅತ್ತಿ ಮಲಗ್ಯಾಳ," ಎಂದಳು. "ನಿದ್ದಿ ಹತ್ತೇತಿ. ಎಷ್ಟ ದಿನ ಆಗಿತ್ತೋ."

ಭದ್ರೇಶ ಗುರುಗಳ ಹತ್ತಿರ ಬಂದು ಬಗ್ಗಿದ. ತಡೆದು ತಡೆದು ಅವನ ದನಿ ಗೊಗ್ಗರಾಗಿತ್ತು.

"ಅಜ್ಜಾರ, ಆಕಿಗೆ ಏನ ಹೇಳಿದ ಅಂತ ನಾ ಕೇಳೂದಿಲ್ಲ. ಒಂದ ಸಂಗತಿ, ಅಷ್ಟ. ಅವತ್ತ ಅಂವ ಹೊಳಿ ಹತ್ತರ ಇದ್ದನೋ ಇಲ್ಲೋ. ಹೌದು, ಇಲ್ಲ, ಎರಡರಾಗ ಒಂದು. ಹೋಗಿ ಕೇಳಲೇನ್ರಿ?"

ಗುರುಗಳು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು.

"ಏನರೆ ಕೇಳಾಕಬೇಕು ಅಂತಿದ್ರ, ಊಟ ಆತೇನು ಅಂತ ಕೇಳಪಾ. ಮುಂಜಾನಿಂದ ನಾವಿಬ್ಬರೂ ಅವನ್ನ ಕೇಳಿಲ್ಲ."